ಪೋಕರ್‌ಗೋಸ್ಕರ ಕೆಲಸ ಬಿಡುವುದಾ? ಮನೆಯಲ್ಲಿ ಹೇಗೆ ಹೇಳುವುದು?

ಮುಲ್ಕಿ_ಮಳೆ | ಶನಿವಾರ ರಾತ್ರಿ 11:40
ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಇಲ್ಲಿ ಸುಮ್ನೆ ಓದಿಕೊಂಡು ಇದ್ದವ ನಾನು. ಇವತ್ತು ಬರೆಯುತ್ತಿದ್ದೇನೆ. ಮನೆಯಲ್ಲಿ ಹೇಳುವ ಹಾಗಿಲ್ಲ, ಫ್ರೆಂಡ್ಸ್ ಹತ್ತಿರ ಹೇಳಿದರೆ ಎರಡೇ ದಿನದಲ್ಲಿ ಮನೆಗೆ ಮುಟ್ಟುತ್ತದೆ.

ವಯಸ್ಸು 25. ಮಂಗಳೂರಲ್ಲಿ ಕೆಲಸ, ಮೂರು ವರ್ಷ ಆಯ್ತು. ಕೈಗೆ 34,000 ಬರುತ್ತದೆ. 12,000 ಮನೆಗೆ ಕೊಡುತ್ತೇನೆ, 6,800 ಎಜುಕೇಶನ್ ಲೋನಿನ ಕಂತು. ಕಾಲೇಜಿನ ಕೊನೇ ವರ್ಷದಿಂದ ಪೋಕರ್ (ಹಣ ಕಟ್ಟಿ ಆಡುವ ಒಂದು ಇಸ್ಪೀಟಾಟ) ಆಡುತ್ತಿದ್ದೇನೆ. ಟೈಂಪಾಸಿಗೆ ಅಲ್ಲ. ಆಡಿದ ಆಟಗಳನ್ನು ಬರೆದಿಟ್ಟುಕೊಂಡು, ಎಲ್ಲಿ ತಪ್ಪಿದೆ ಅಂತ ಮರುದಿನ ಕೂತು ನೋಡುವವ. 2025ರ ಆಗಸ್ಟಿನಲ್ಲಿ ಆನ್‌ಲೈನ್ ಸೈಟುಗಳೆಲ್ಲ ಮುಚ್ಚಿದವು. ಈಗ ನನಗೆ ಉಳಿದದ್ದು ಗೋವಾದ ಕ್ಯಾಸಿನೊ ಮಾತ್ರ. ಇದುವರೆಗೆ ಐದು ಸಲ ಹೋಗಿ ಬಂದಿದ್ದೇನೆ. ಪೋಕರ್‌ನಿಂದ ಒಟ್ಟು 2.6 ಲಕ್ಷ ಲಾಭ. ಬ್ಯಾಂಕಿನಲ್ಲಿ ಈಗ 4.1 ಲಕ್ಷ ಉಂಟು.

ಪ್ಲಾನ್ ಏನೆಂದರೆ, ಕೆಲಸ ಬಿಟ್ಟು ಒಂದು ವರ್ಷ ಗೋವಾದಲ್ಲಿ ರೂಂ ಮಾಡಿ ಇದನ್ನೇ ಆಡುವುದು. ಆಗಲಿಲ್ಲ ಅಂದರೆ ವಾಪಸ್ ಬಂದು ಕೆಲಸ ಹುಡುಕುವುದು.

ಸಮಸ್ಯೆ ಮನೆಯದ್ದು. ಅಪ್ಪನಿಗೆ ಸಣ್ಣ ಅಂಗಡಿ. ಅಮ್ಮನಿಗೆ ನಾನು ಬ್ಯಾಂಕ್ ಪರೀಕ್ಷೆ ಬರೆಯಬೇಕು ಅಂತ ಆಸೆ. ಮೇ ತಿಂಗಳಲ್ಲಿ ಅಕ್ಕನ ಮದುವೆ. ಅಮ್ಮನ ಅಜ್ಜ ಇಸ್ಪೀಟಿನಲ್ಲಿ ಎರಡು ಗದ್ದೆ ಕಳೆದವರಂತೆ. ಅದಕ್ಕೆ ನಮ್ಮ ಮನೆಯಲ್ಲಿ ಇಸ್ಪೀಟು ಎಲೆ ಕಣ್ಣಿಗೆ ಬೀಳುವ ಹಾಗಿಲ್ಲ. ದೀಪಾವಳಿಗೂ ಇಲ್ಲ. ನಾನು ಗೋವಾಕ್ಕೆ ಹೋದದ್ದು ‘ಆಫೀಸ್ ಟ್ರಿಪ್’ ಅಂತ ಲೆಕ್ಕ.

ಇವರಿಗೆ ಹೇಗೆ ಅರ್ಥ ಮಾಡಿಸುವುದು? ಇಂಥ ಆಸೆ ಮತ್ತು ಮನೆ, ಎರಡನ್ನೂ ನಿಭಾಯಿಸಿದವರು ಯಾರಾದರೂ ಇದ್ದರೆ ಹೇಳಿ. ಉಪದೇಶ ಬೇಡ ಪ್ಲೀಸ್.

ಗೋಳಿಬಜೆ_ಗಿರಾಕಿ
ಉಪದೇಶ ಬೇಡ ಅಂತ ಮಂಗಳೂರಿನವರ ಹತ್ತಿರ ಕೇಳುವುದಾ? ನಿನ್ನ ಧೈರ್ಯಕ್ಕೆ ಮೆಚ್ಚಿದೆ ಮಾರಾಯ.

ಸುಮಕ್ಕ_ಬ್ರಹ್ಮಾವರ
ತಮ್ಮಾ, ಐದು ಸಲ ಸುಳ್ಳು ಹೇಳಿ ಹೋಗಿದ್ದೀಯಲ್ಲ, ಮೊದಲು ಅದನ್ನು ನೋಡು. ಆಟ ಸರಿಯೋ ತಪ್ಪೋ ಆಮೇಲೆ.

ಕದ್ರಿ_ಕಟ್ಟೆ
ಇಲ್ಲಿ ಎಲ್ಲರೂ ಶುರು ಮಾಡುವ ಮೊದಲೇ ಹೇಳುತ್ತೇನೆ: ಪೋಕರ್ ಮತ್ತು ಮಟ್ಕಾ ಒಂದೇ ಅಲ್ಲ. ಮಟ್ಕಾದಲ್ಲಿ ನಂಬರ್ ಹೇಳಿ ದೇವರ ಮೇಲೆ ಭಾರ ಹಾಕುವುದು. ಉಲಾಯಿ-ಪಿದಾಯಿಯಲ್ಲೂ ಅಷ್ಟೆ, ಎಲೆ ಒಳಗೆ ಬಿತ್ತೋ ಹೊರಗೆ ಬಿತ್ತೋ, ನಿನಗೆ ಮಾಡಲು ಕೆಲಸವೇ ಇಲ್ಲ. ಪೋಕರ್‌ನಲ್ಲಿ ಎದುರು ಕೂತವನಿಗಿಂತ ಚೆನ್ನಾಗಿ ಆಡಿದರೆ ವರ್ಷದ ಕೊನೆಗೆ ಹಣ ಉಳಿಯುತ್ತದೆ. ರಮ್ಮಿ ಕೌಶಲದ ಆಟ ಅಂತ ಸುಪ್ರೀಂ ಕೋರ್ಟ್ 1968ರಲ್ಲೇ ಹೇಳಿದೆ. ಹುಡುಗ ಗೆಲ್ಲುತ್ತಿದ್ದಾನೆ. ಬಿಡಿ ಒಂದು ವರ್ಷ. 25ಕ್ಕೆ ಮಾಡದೆ ಇನ್ನು 50ಕ್ಕೆ ಮಾಡುವುದಾ?

ಗೋಳಿಬಜೆ_ಗಿರಾಕಿ
ಧರ್ಮರಾಯನೂ ಕೌಶಲದ ಆಟ ಅಂತಲೇ ಕೂತದ್ದು.

ಕದ್ರಿ_ಕಟ್ಟೆ
ಕೌಶಲ ಇದ್ದದ್ದು ಶಕುನಿಗೆ. ನಾನು ಹೇಳುವುದೂ ಅದೇ.

ಕೋರ್ಟ್‌ರೋಡ್_ಕಾಫಿ
ಕಟ್ಟೆಯವರೇ, 1968ರ ತೀರ್ಪು ರಮ್ಮಿಯ ಬಗ್ಗೆ. ಅದನ್ನು ಪೋಕರ್‌ಗೆ ಹಾಗೇ ಅಂಟಿಸಲು ಆಗುವುದಿಲ್ಲ. ಇನ್ನು ಆನ್‌ಲೈನ್ ಮಾತು. ನಮ್ಮ ರಾಜ್ಯ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ನಿಷೇಧ ಮಾಡಿತ್ತು. 2022ರ ಫೆಬ್ರವರಿ 14ಕ್ಕೆ ಹೈಕೋರ್ಟ್ ಅದನ್ನು ಹೊಡೆದುಹಾಕಿತು. ಆದರೆ 2025ರ ಆಗಸ್ಟಿನಲ್ಲಿ ಕೇಂದ್ರವೇ ಕಾನೂನು ಮಾಡಿತು. 20ಕ್ಕೆ ಲೋಕಸಭೆ, 21ಕ್ಕೆ ರಾಜ್ಯಸಭೆ, 22ಕ್ಕೆ ರಾಷ್ಟ್ರಪತಿ ಸಹಿ. ಹಣ ಹಾಕಿ ಆಡುವ ಆನ್‌ಲೈನ್ ಆಟ ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿವರೆಗೆ ದಂಡ. ಜಾಹೀರಾತು ಮಾಡಿದವರಿಗೆ 2 ವರ್ಷ, 50 ಲಕ್ಷ. ಇದರಲ್ಲಿ ಕೌಶಲ, ಅದೃಷ್ಟ ಅಂತ ಭೇದ ಇಲ್ಲ. ಸುಮ್ನೆ ಆಡುವವನಿಗೆ ಶಿಕ್ಷೆ ಇಟ್ಟಿಲ್ಲ.

ಗೋವಾ ಕ್ಯಾಸಿನೊಗಳು ಆ ರಾಜ್ಯದ ಕಾನೂನಿನಲ್ಲಿ ನಡೆಯುತ್ತವೆ. 21 ಆಗಿರಬೇಕು. ಒಂದು ತಮಾಷೆ ನೋಡಿ: 2020ರ ಫೆಬ್ರವರಿಯಿಂದ ಗೋವಾದವರಿಗೇ ಅಲ್ಲಿ ಆಡಲು ಬಿಡುವುದಿಲ್ಲ. ಪ್ರವಾಸಿಗರಿಗೆ ಮಾತ್ರ.

ಸುಮಕ್ಕ_ಬ್ರಹ್ಮಾವರ
ಅಂದರೆ ಅವರ ಮನೆ ಮಕ್ಕಳು ಹಾಳಾಗಬಾರದು, ನಮ್ಮ ಮಕ್ಕಳು ಬಂದರೆ ಅಡ್ಡಿ ಇಲ್ಲ!

ಬೋಳಾರ_ಬಾಯ್
ಬ್ರೋ ಗೋವಾ ಯಾಕೆ, ಹೊರದೇಶದ ಸೈಟುಗಳು ಇನ್ನೂ ಓಡುತ್ತಿವೆ. ವಿಪಿಎನ್ ಹಾಕಿ... [ಬಾಕಿ ಭಾಗ ತೆಗೆಯಲಾಗಿದೆ. ಇಂಥದ್ದನ್ನು ಇಲ್ಲಿ ಹಾಕಬೇಡಿ. ನಿರ್ವಾಹಕ]

ಕೋರ್ಟ್‌ರೋಡ್_ಕಾಫಿ
ಅಲ್ಲಿ ಹಣ ಸಿಕ್ಕಿಹಾಕಿಕೊಂಡರೆ ಯಾರ ಹತ್ತಿರ ಹೋಗುತ್ತೀರಿ ಬಾಯ್? ಬಾಜಿ ಕಟ್ಟುವ ಒಪ್ಪಂದ 1872ರ ಕರಾರು ಕಾಯ್ದೆ ಪ್ರಕಾರವೇ ಊರ್ಜಿತ ಅಲ್ಲ. ಗೆದ್ದದ್ದು ಕೊಡದಿದ್ದರೂ ಕೇಸು ಹಾಕಲು ಆಗುವುದಿಲ್ಲ.

ಲೆಕ್ಕದ_ಮೇಷ್ಟ್ರು
ಮುಲ್ಕಿಯವರೇ, ನನಗೆ ಒಂದೇ ಪ್ರಶ್ನೆ. ಆ 2.6 ಲಕ್ಷ ಹೇಗೆ ಬಂತು? ಲೆಕ್ಕ ಬರೆದಿದ್ದೀರಾ?

ಮುಲ್ಕಿ_ಮಳೆ
ಹೌದು ಸರ್, ಎಕ್ಸೆಲ್ ಶೀಟ್ ಉಂಟು. ಆನ್‌ಲೈನ್ 1,86,000. ಗೋವಾ 74,000.

ಲೆಕ್ಕದ_ಮೇಷ್ಟ್ರು
ಎಷ್ಟು ತಿಂಗಳಲ್ಲಿ? ಎಷ್ಟು ಗಂಟೆ ಕೂತು? ಐದೂ ಸಲ ಗೆದ್ದಿರಾ? ರೈಲು, ರೂಂ, ಊಟ ಕಳೆದ ಮೇಲೆ 74,000ವಾ, ಮೊದಲಾ?

ಗೋಳಿಬಜೆ_ಗಿರಾಕಿ
ಒಂದೇ ಪ್ರಶ್ನೆ ಅಂದಿರಿ, ನಾಲ್ಕು ಆಯ್ತು ಮೇಷ್ಟ್ರೇ.

ತಲಪಾಡಿ_ಗಡಿ
ಸ್ವಲ್ಪ ಬೇರೆ ವಿಷಯ, ಆದರೂ ಹೇಳುತ್ತೇನೆ. ಕರ್ನಾಟಕದಲ್ಲಿ 2007ರಿಂದ ಲಾಟರಿ ಇಲ್ಲ. ನಮ್ಮದು ಗಡಿ. ಟೋಲ್ ದಾಟಿ ಎರಡು ಹೆಜ್ಜೆ ಇಟ್ಟರೆ ಕೇರಳ, ಬಣ್ಣಬಣ್ಣದ ಟಿಕೆಟ್ ನೇತಾಡುತ್ತಿರುತ್ತವೆ. ಬೆಳಗ್ಗೆ ಉಳ್ಳಾಲ, ತೊಕ್ಕೊಟ್ಟು ಕಡೆಯಿಂದ ಸ್ಕೂಟರಿನಲ್ಲಿ ಬರುವವರನ್ನು ನೋಡಬೇಕು. ನಮ್ಮ ಪಕ್ಕದ ಮನೆಯ ಮೇಸ್ತ್ರಿ ಒಬ್ಬರು ಇಪ್ಪತ್ತು ವರ್ಷದಿಂದ ತೆಗೆಯುತ್ತಿದ್ದಾರೆ. ಅವರ ಹಳೇ ಟಿಕೆಟುಗಳನ್ನು ಹೆಂಡತಿ ಕಟ್ಟು ಕಟ್ಟಿ ಅಕ್ಕಿ ಡಬ್ಬದ ಮೇಲೆ ಇಟ್ಟಿದ್ದಾರೆ, ಎಸೆದಿಲ್ಲ. ಕೇಳಿದರೆ ‘ಇದು ನನ್ನ ಬಳೆ’ ಅಂತಾರೆ.

ಕದ್ರಿ_ಕಟ್ಟೆ
ಆದರೂ 2024ರ ಓಣಂ ಬಂಪರ್ 25 ಕೋಟಿ ಹೊಡೆದದ್ದು ನಮ್ಮ ಮಂಡ್ಯ ಕಡೆಯವರಿಗೇ.

ತಲಪಾಡಿ_ಗಡಿ
ಹೌದು ಮಾರ್ರೆ, ಆ ಸುದ್ದಿ ಬಂದ ವಾರ ನಮ್ಮ ಗಡಿಯಲ್ಲಿ ಜಾತ್ರೆ! ಮಂಡ್ಯದವರ ಪಟ ತೋರಿಸಿ ತೋರಿಸಿ ಮಾರಿದರು. ನಾನೂ ಒಂದು ತೆಗೆದೆ. ನನ್ನ ಹೆಂಡತಿ ಈ ವೇದಿಕೆಯಲ್ಲಿ ಇಲ್ಲ, ಅದಕ್ಕೆ ಧೈರ್ಯವಾಗಿ ಬರೆಯುತ್ತಿದ್ದೇನೆ.

ಬಿಜೈ_ಬಾಲ್ಕನಿ
ಇಷ್ಟು ಲೆಕ್ಕ ಬರುವ ಹುಡುಗ ಇಸ್ಪೀಟು ಬಿಟ್ಟು ಆಪ್ಷನ್ಸ್ ಟ್ರೇಡಿಂಗ್ (ಶೇರಿನ ಬೆಲೆ ಏರುತ್ತದೋ ಇಳಿಯುತ್ತದೋ ಅಂತ ಅಂದಾಜು ಹಾಕಿ ಮಾಡುವ ವ್ಯವಹಾರ) ಮಾಡಬಹುದಲ್ಲ? ಅದು ಕಾನೂನುಬದ್ಧ. ಮನೆಯಲ್ಲಿ ‘ಶೇರು’ ಅಂದರೆ ಮರ್ಯಾದೆಯೂ ಉಂಟು.

ಲೆಕ್ಕದ_ಮೇಷ್ಟ್ರು
ಬಾಲ್ಕನಿಯವರೇ, ಶೇರುಪೇಟೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಸೆಬಿಯೇ 2024ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಿ. ಮೂರು ಹಣಕಾಸು ವರ್ಷಗಳಲ್ಲಿ ಎಫ್ ಅಂಡ್ ಒ (ಫ್ಯೂಚರ್ಸ್ ಮತ್ತು ಆಪ್ಷನ್ಸ್) ಮಾಡಿದ ಸಾಮಾನ್ಯ ಜನರಲ್ಲಿ 100ಕ್ಕೆ 93 ಮಂದಿ ಸೋತವರು. ತಲಾ ಸರಾಸರಿ ನಷ್ಟ ಸುಮಾರು 2 ಲಕ್ಷ. ಹೆಸರು ಬದಲಾದರೆ ಲೆಕ್ಕ ಬದಲಾಗುವುದಿಲ್ಲ.

ಬಿಜೈ_ಬಾಲ್ಕನಿ
ನಾನು ಆ 7ರಲ್ಲಿ ಒಬ್ಬ.

ಗೋಳಿಬಜೆ_ಗಿರಾಕಿ
ಆ 93 ಮಂದಿಯೂ ಹಾಗೇ ಹೇಳುವುದು ಅಣ್ಣ.

ಬೋಳಾರ_ಬಾಯ್
ನನ್ನ ಫ್ರೆಂಡಿನ ಹತ್ತಿರ ರೂಲೆಟ್‌ಗೆ (ತಿರುಗುವ ಚಕ್ರದಲ್ಲಿ ಗೋಲಿ ಯಾವ ಮನೆಗೆ ಬೀಳುತ್ತದೆ ಅಂತ ಹಣ ಕಟ್ಟುವ ಆಟ) ಒಂದು ಟ್ರಿಕ್ ಉಂಟು. ಕೆಂಪಿನ ಮೇಲೆ 500. ಸೋತರೆ 1,000, ಮತ್ತೆ ಸೋತರೆ 2,000. ಹೀಗೆ ಡಬಲ್ ಮಾಡುತ್ತಾ ಹೋಗುವುದು. ಯಾವಾಗಲಾದರೂ ಕೆಂಪು ಬರಲೇಬೇಕಲ್ಲ, ಬಂದ ತಕ್ಷಣ 500 ಲಾಭ. ಸೋಲುವ ಚಾನ್ಸೇ ಇಲ್ಲ. ಗೋವಾಕ್ಕೆ ಹೋದಾಗ ಖರ್ಚಿಗೆ ಆಗುತ್ತದೆ.

ಲೆಕ್ಕದ_ಮೇಷ್ಟ್ರು
ಅಯ್ಯೋ ಇದು ನಾನು ಕಾಲೇಜಿಗೆ ಹೋಗುವಾಗಲೇ ಹಳೆಯದು. ಬನ್ನಿ, ಮಾಡಿ ನೋಡುವ. ಒಂದೇ ಸೊನ್ನೆ ಇರುವ ಚಕ್ರದಲ್ಲಿ 37 ಮನೆ. ಕೆಂಪು 18. ನೀವು ಸೋಲುವ ಮನೆ 19. ಎಂಟು ಸಲ ಸಾಲಾಗಿ ಸೋಲುವುದು ಅಪರೂಪ ಅಂತ ಅನಿಸುತ್ತದೆ. ಲೆಕ್ಕ ಹಾಕಿದರೆ ಸುಮಾರು 207ಕ್ಕೆ ಒಂದು ಸಲ. 206 ಸಲ 500ರ ಹಾಗೆ ಗೆದ್ದಿರಿ ಅಂತ ಇಟ್ಟುಕೊಳ್ಳಿ, 1,03,000 ಬಂತು. ಆ ಒಂದು ಸಲ? 500, 1,000, 2,000... ಎಂಟನೆಯದು 64,000. ಕೂಡಿಸಿದರೆ 1,27,500. ಒಂದೇ ಏಟಿಗೆ ಹೋಯ್ತು. ಸಾಲದ್ದಕ್ಕೆ ಟೇಬಲ್‌ಗೆ ಗರಿಷ್ಠ ಮಿತಿ ಅಂತ ಇಟ್ಟಿರುತ್ತಾರೆ. ಎಂಟನೇ ಸಲ ಡಬಲ್ ಮಾಡಲೇ ಬಿಡದಿರಬಹುದು.

ಬೋಳಾರ_ಬಾಯ್
207ಕ್ಕೆ ಒಂದಾ? ಅವನು ಇದುವರೆಗೆ ಒಂದು 30 ಸಲ ಆಡಿರಬೇಕು ಅಷ್ಟೆ. ಅವನಿಗೆ ಇದನ್ನು ಕಳಿಸುತ್ತೇನೆ.

ಹಳೇ_ಪಿಗ್ಮಿ
ನಾನು ಉಡುಪಿಯವ. ಮೂವತ್ತೊಂದು ವರ್ಷ ಪಿಗ್ಮಿ ಕಲೆಕ್ಷನ್ ಮಾಡಿದ್ದೇನೆ. ಈಗಿನ ಮಕ್ಕಳಿಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ: ದಿನಾ ಅಂಗಡಿಗೆ, ಮನೆಗೆ ಹೋಗಿ ಹತ್ತೋ ಇಪ್ಪತ್ತೋ ತೆಗೆದುಕೊಂಡು ಬ್ಯಾಂಕಿಗೆ ಕಟ್ಟುವುದು. ಇದು ಹುಟ್ಟಿದ್ದೇ ನಮ್ಮ ಊರಿನಲ್ಲಿ. ಸಿಂಡಿಕೇಟ್ ಬ್ಯಾಂಕಿನವರು 1928ರಲ್ಲಿ ಶುರು ಮಾಡಿದಾಗ ದಿನಕ್ಕೆ ಎರಡಾಣೆ.

ನನ್ನ ಲೈನಿನಲ್ಲಿ ಮೀನಿನ ವ್ಯಾಪಾರದ ಒಬ್ಬರಿದ್ದರು. ಮಟ್ಕಾ ಬಿಡದ ಮನುಷ್ಯ. ನಾನು ಸಂಜೆ ಹೋದಾಗ ಬನಿಯನ್ನಿನ ಒಳಗಿನ ಪ್ಲಾಸ್ಟಿಕ್ ಚೀಲ ತೆಗೆಯುವುದು, ಒದ್ದೆ ನೋಟು ಒಂದೊಂದಾಗಿ ಬಿಡಿಸಿ ಮೊದಲು ನನಗೆ ಐವತ್ತು ಎಣಿಸುವುದು. ಆಮೇಲೆ ಮನೆಗೆ ಇಷ್ಟು ಅಂತ ಬೇರೆ ಜೇಬಿಗೆ. ಕೊನೆಗೆ ಉಳಿದದ್ದರಲ್ಲಿ ಒಂದು ನಂಬರ್. ಉಳಿಯದ ದಿವಸ ನಂಬರೂ ಇಲ್ಲ. ಒಮ್ಮೆ ಕೇಳಿದೆ, ಮೊದಲು ನಂಬರ್ ಬರೆಸಿ ಆಮೇಲೆ ನನಗೆ ಕೊಟ್ಟರೆ ಏನಾಗುತ್ತದೆ ಅಂತ. ‘ಆಮೇಲೆ ನಿಮ್ಮನ್ನು ಕಂಡರೆ ಓಡಿಹೋಗಬೇಕಾಗುತ್ತದೆ’ ಅಂದರು. ಇಬ್ಬರು ಹೆಣ್ಣುಮಕ್ಕಳ ಮದುವೆ ಆ ಪಿಗ್ಮಿಯಲ್ಲೇ ಆಯ್ತು. ನಾನು ಮಟ್ಕಾ ಸರಿ ಅಂತ ಹೇಳುತ್ತಿಲ್ಲ. ಕಂಡದ್ದು ಹೇಳಿದೆ.

ಕದ್ರಿ_ಕಟ್ಟೆ
ಪಿಗ್ಮಿ ಅಣ್ಣ, ಇದು ಚಿನ್ನದ ಮಾತು.

ತಲಪಾಡಿ_ಗಡಿ
ಸಿಂಡಿಕೇಟ್ ಅಂದಾಗ ಹೊಟ್ಟೆ ಉರಿಯುತ್ತದೆ. ಸಿಂಡಿಕೇಟ್, ಕಾರ್ಪೊರೇಶನ್, ವಿಜಯಾ ಮೂರೂ ನಮ್ಮ ಜಿಲ್ಲೆಯಲ್ಲಿ ಹುಟ್ಟಿದ್ದು, ಮೂರೂ ಬೇರೆ ಬ್ಯಾಂಕಿನ ಒಳಗೆ ಹೋದವು.

ಹಳೇ_ಪಿಗ್ಮಿ
ಸಿಂಡಿಕೇಟ್ ಕೆನರಾಕ್ಕೆ ಸೇರಿದ್ದು. ಕೆನರಾ ಕೂಡ ನಮ್ಮದೇ, 1906, ಮಂಗಳೂರು. ಅಷ್ಟಾದರೂ ಸಮಾಧಾನ.

ನಿರ್ವಾಹಕ
ಬ್ಯಾಂಕ್ ವಿಲೀನಕ್ಕೆ ಬೇರೆ ಚರ್ಚೆ ಉಂಟು, ಅಲ್ಲಿಗೆ ಹೋಗಿ. ಅಲ್ಲಿ ಈಗಾಗಲೇ 340 ಉತ್ತರ ಆಗಿದೆ.

ಸುಮಕ್ಕ_ಬ್ರಹ್ಮಾವರ
ನಾನು ಬರೆಯಬಾರದು ಅಂತ ಇದ್ದೆ. ನಮ್ಮ ಮನೆಯವರು ರಮ್ಮಿ ಆ್ಯಪ್‌ನಲ್ಲಿ ಆಡುತ್ತಿದ್ದರು. ಶುರುವಿನಲ್ಲಿ 8,000 ಗೆದ್ದರು. ಅದರಲ್ಲಿ ನನಗೆ ಒಂದು ಮಿಕ್ಸಿ ತಂದರು. ಆಮೇಲಿನ ಎರಡು ವರ್ಷದಲ್ಲಿ ಎಷ್ಟು ಹೋಯ್ತು ಅಂತ ನನಗೆ ಗೊತ್ತಾದದ್ದು ಸಾಲದ ಆ್ಯಪ್‌ನವರು ನನ್ನ ಅಣ್ಣನಿಗೆ ಫೋನ್ ಮಾಡಿದಾಗ. ಕರಿಮಣಿ ಬಿಟ್ಟು ಬಾಕಿ ಚಿನ್ನ ಎಲ್ಲ ಗಿರವಿಗೆ ಹೋಗಿತ್ತು. ನಾನು ಲಾಕರ್‌ನಲ್ಲಿ ಉಂಟು ಅಂತಲೇ ಇದ್ದೆ.

ಹಣ ಹೋದದ್ದಕ್ಕಿಂತ ಆ ಮಿಕ್ಸಿ ನೋಡಿದರೆ ನನಗೆ ಈಗಲೂ ಆಗುವುದಿಲ್ಲ. ಅವರು ‘ನಾನು ಗೆಲ್ಲುತ್ತೇನೆ’ ಅಂತ ಹೇಳುವಾಗಲೆಲ್ಲ ಅದನ್ನೇ ತೋರಿಸುತ್ತಿದ್ದರು. ತಮ್ಮಾ, ನಿನ್ನ 2.6 ಲಕ್ಷ ಅಂಥ ಮಿಕ್ಸಿಯಾ ಅಂತ ನೋಡಿಕೋ. ಅಷ್ಟೆ.

ಮಣಿಪಾಲ_ನೈಟ್‌ಶಿಫ್ಟ್
ಸುಮಕ್ಕ, ❤️. ನಾನು ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು. ಜೂಜಿನ ಚಟ ಈಗ ಕಾಯಿಲೆಗಳ ಪಟ್ಟಿಯಲ್ಲೇ ಉಂಟು, ಅದಕ್ಕೆ ಚಿಕಿತ್ಸೆಯೂ ಉಂಟು. ಯಾರಿಗಾದರೂ ಬೇಕಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416, ಫ್ರೀ, ಕನ್ನಡದಲ್ಲೂ ಮಾತಾಡುತ್ತಾರೆ. ಮುಲ್ಕಿಯವರೇ, ನಿಮಗೆ ಚಟ ಉಂಟು ಅಂತ ನಾನು ಹೇಳುತ್ತಿಲ್ಲ. ಆದರೆ ಮೂರು ಪ್ರಶ್ನೆ. ಹೋದದ್ದನ್ನು ವಾಪಸ್ ತರಬೇಕು ಅಂತಲೇ ಯಾವತ್ತಾದರೂ ಮತ್ತೆ ಕೂತಿದ್ದೀರಾ? ಆಡಿದ್ದನ್ನು ಮುಚ್ಚಿಡಲು ಸುಳ್ಳು ಹೇಳಿದ್ದೀರಾ? ಆಡದ ದಿನ ಕಿರಿಕಿರಿ ಆಗುತ್ತದಾ?

ಮುಲ್ಕಿ_ಮಳೆ | ಭಾನುವಾರ ಬೆಳಗ್ಗೆ
ಎರಡನೆಯದಕ್ಕೆ ಹೌದು, ಎಲ್ಲರಿಗೂ ಗೊತ್ತಾಯಿತಲ್ಲ. ಮೂರನೆಯದಕ್ಕೆ ಇಲ್ಲ. ಮೊದಲನೆಯದಕ್ಕೆ... ಒಂದೆರಡು ಸಲ.

ಮೇಷ್ಟ್ರೇ, ನಿಮ್ಮ ಪ್ರಶ್ನೆಗೆ ರಾತ್ರಿ ಕೂತು ಶೀಟ್ ಮತ್ತೆ ನೋಡುತ್ತಿದ್ದೇನೆ. ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆ ತಾಳೆ ಆಗುತ್ತಿಲ್ಲ. ಸ್ವಲ್ಪ ಟೈಂ ಕೊಡಿ.

ಕುಂದಾಪ್ರ_ಸ್ಟ್ರೇಟ್
ಮಾರಾಯ, ನಾನೂ ಪೋಕರ್ ಆಡುತ್ತೇನೆ. ಅದಕ್ಕೆ ಆಟದ ಕಡೆಯಿಂದಲೇ ಹೇಳುತ್ತೇನೆ. ಗೋವಾದಲ್ಲಿ ನೀನು ಕೂರುವ ಟೇಬಲ್‌ಗೆ ಎಷ್ಟು ಬೇಕು?

ಮುಲ್ಕಿ_ಮಳೆ
20,000.

ಕುಂದಾಪ್ರ_ಸ್ಟ್ರೇಟ್
ಸರಿ. ಇದನ್ನೇ ನಂಬಿ ಬದುಕುವವರು ಆ ಮೊತ್ತದ 30 ಪಟ್ಟಾದರೂ ಆಟಕ್ಕೆ ಅಂತ ಬೇರೆ ಇಟ್ಟುಕೊಳ್ಳುತ್ತಾರೆ. ಚೆನ್ನಾಗಿ ಆಡಿದರೂ ತಿಂಗಳುಗಟ್ಟಲೆ ಸೋಲು ಬರುತ್ತದೆ, ಅದಕ್ಕೆ. 30 ಅಂದರೆ 6 ಲಕ್ಷ. ನಿನ್ನ ಹತ್ತಿರ ಎಲ್ಲ ಸೇರಿ 4.1. ಅದರಲ್ಲೇ ರೂಂ ಬಾಡಿಗೆ, ಅದರಲ್ಲೇ ಊಟ, ಅದರಲ್ಲೇ ಲೋನಿನ ಕಂತು. ಬಾಡಿಗೆ ಹಣದಲ್ಲಿ ಆಡುವವನು ಹೆದರಿ ಆಡುತ್ತಾನೆ. ಹೆದರಿ ಆಡುವವನನ್ನು ಟೇಬಲ್ ಐದು ನಿಮಿಷದಲ್ಲಿ ಗುರುತು ಹಿಡಿಯುತ್ತದೆ.

ಇನ್ನೊಂದು ವಿಷಯ. ಎದುರಿಗೆ ಕೂತು ಆಡುವಾಗ ಗಂಟೆಗೆ 25-30 ಆಟ ಆದರೆ ಹೆಚ್ಚು. ಆನ್‌ಲೈನ್‌ನಲ್ಲಿ ನಾಲ್ಕು ಟೇಬಲ್ ತೆರೆದಿಟ್ಟು ನೀನು ಒಂದು ಸಂಜೆಯಲ್ಲಿ ಆಡಿದ್ದಕ್ಕೆ ಅಲ್ಲಿ ಒಂದು ವಾರ ಬೇಕು. ಐದು ಟ್ರಿಪ್ಪಿನಲ್ಲಿ ನೀನು ಆಡಿದ್ದು ಮೂರೂವರೆ ಸಾವಿರ ಆಟ ಇರಬಹುದು. ಅಷ್ಟರಲ್ಲಿ ನೀನು ಒಳ್ಳೆ ಆಟಗಾರನಾ ಅಲ್ಲವಾ ಅಂತ ನಿನಗೂ ಗೊತ್ತಾಗುವುದಿಲ್ಲ, ನನಗೂ ಗೊತ್ತಾಗುವುದಿಲ್ಲ. ಮೇಲಿಂದ ಪ್ರತಿ ಆಟದ ಹಣದಲ್ಲಿ ಕ್ಯಾಸಿನೊದವರ ಪಾಲು ಬೇರೆ. ಎದುರಾಳಿಯನ್ನು ಸೋಲಿಸಿದರೆ ಸಾಲದು, ಆ ಪಾಲನ್ನೂ ದಾಟಬೇಕು.

ಕದ್ರಿ_ಕಟ್ಟೆ
ಇದು ಒಪ್ಪಿದೆ. ನಾನು ಆಡುವವನಲ್ಲ, ಬರೀ ವಾದ ಮಾಡುವವ.

ಗೋಳಿಬಜೆ_ಗಿರಾಕಿ
ಗೊತ್ತಿತ್ತು.

ಬಂಟ್ಸ್‌ಹಾಸ್ಟೆಲ್_ಸರ್ಕಲ್
ತೆರಿಗೆ ಬಗ್ಗೆ ಯಾರೂ ಮಾತಾಡಲಿಲ್ಲ. ನನ್ನ ಕೆಲಸವೇ ಅದು. ಇಸ್ಪೀಟು, ಲಾಟರಿ, ಆನ್‌ಲೈನ್ ಆಟ, ಯಾವುದರಲ್ಲಿ ಗೆದ್ದರೂ ನೇರವಾಗಿ 30%, ಆ ತೆರಿಗೆಯ ಮೇಲೆ 4% ಸೆಸ್, ಒಟ್ಟು 31.2. ನಿಮ್ಮ ಒಟ್ಟು ಆದಾಯ ಎಷ್ಟೇ ಕಡಿಮೆ ಇರಲಿ, ಇದಕ್ಕೆ ವಿನಾಯಿತಿ ಮಿತಿ ಅಂತ ಇಲ್ಲ. ರೈಲು ಟಿಕೆಟ್, ಲಾಡ್ಜ್ ಬಿಲ್ಲು ಖರ್ಚು ಅಂತ ತೋರಿಸಲು ಬರುವುದಿಲ್ಲ. ಕ್ಯಾಸಿನೊದ ಆಟದಲ್ಲಿ ಒಂದು ಟ್ರಿಪ್ಪಿನ ಸೋಲನ್ನು ಇನ್ನೊಂದು ಟ್ರಿಪ್ಪಿನ ಗೆಲುವಿನಿಂದ ಕಳೆಯಲೂ ಬರುವುದಿಲ್ಲ. ಕಿರಾಣಿ ಅಂಗಡಿಗೆ ಇರುವ ಸೌಲಭ್ಯ ಈ ‘ವೃತ್ತಿ’ಗೆ ಇಲ್ಲ.

ಜಿಎಸ್‌ಟಿ ಬೇರೆ. 2023ರ ಅಕ್ಟೋಬರ್ 1ರಿಂದ ಹಾಕಿದ ಪೂರ್ತಿ ಮೊತ್ತಕ್ಕೆ 28% ಇತ್ತು. 2025ರ ಸೆಪ್ಟೆಂಬರ್ 22ರಿಂದ 40% ಮಾಡಿದ್ದಾರೆ. ಕ್ಯಾಸಿನೊಗೂ ಅದೇ.

ಬೋಳಾರ_ಬಾಯ್
40?! ನಮ್ಮ ಊರಿನ ಕೋಳಿ ಅಂಕವೇ ವಾಸಿ.

ಕೋರ್ಟ್‌ರೋಡ್_ಕಾಫಿ
ಅದಕ್ಕೆ ಪೊಲೀಸರು ಬರುತ್ತಾರೆ. ಜಿಎಸ್‌ಟಿಯವರು ಬರುವುದಿಲ್ಲ, ಅಷ್ಟೇ ವ್ಯತ್ಯಾಸ.

ಸುಮಕ್ಕ_ಬ್ರಹ್ಮಾವರ
ಕೋಳಿ ಅಂಕದಲ್ಲಿ ಕೋಳಿಯಾದರೂ ಮನೆಗೆ ಬರುತ್ತದೆ, ಸಾರಿಗೆ.

ತಲಪಾಡಿ_ಗಡಿ
ಅಂಕದ ಕೋಳಿ ಸಾರಿನ ರುಚಿ ಬೇರೆಯೇ! ಬೇಯುವುದು ಮಾತ್ರ ಬೇಗ ಇಲ್ಲ.

ನಿರ್ವಾಹಕ
ಸಾರಿಗೂ ಬೇರೆ ಚರ್ಚೆ ಉಂಟು.

ಮುಲ್ಕಿ_ಮಳೆ | ಭಾನುವಾರ ರಾತ್ರಿ 10:15
ಲೆಕ್ಕ ಮುಗಿಯಿತು. ಹಾಕಲು ನಾಚಿಕೆ ಆಗುತ್ತದೆ, ಆದರೂ ಹಾಕುತ್ತೇನೆ.

ಆನ್‌ಲೈನ್, 2024 ಜೂನ್‌ನಿಂದ 2025 ಆಗಸ್ಟ್‌ವರೆಗೆ, 15 ತಿಂಗಳು: 1,86,000. ಇದು ಟಿಡಿಎಸ್ (ಹಣ ಕೊಡುವಾಗಲೇ ಹಿಡಿದುಕೊಳ್ಳುವ ತೆರಿಗೆ) ಕಡಿಯುವ ಮೊದಲಿನ ಅಂಕಿ. 30% ಅಂದರೆ 55,800 ಹೋಗಿ ನಿಜವಾಗಿ ಕೈಗೆ ಬಂದದ್ದು 1,30,200. ನಾನು ಆ ಕಡಿತದ ಕಾಲಂ ಹೈಡ್ ಮಾಡಿ ಇಟ್ಟಿದ್ದೆ. ಯಾಕೆ ಹೈಡ್ ಮಾಡಿದೆ ಅಂತ ನೆನಪಾಗುತ್ತಿಲ್ಲ.

ಗೋವಾ: ಮೂರು ಟ್ರಿಪ್ ಗೆಲುವು, ಸೇರಿ 74,000. ಎರಡು ಟ್ರಿಪ್ ಸೋಲು, ಸೇರಿ 61,000. ಶೀಟಿನಲ್ಲಿ ಸೋತ ಎರಡು ‘ಕಲಿಕೆ’ ಅಂತ ಬೇರೆ ಪುಟದಲ್ಲಿ ಇದ್ದವು. ಉಳಿದದ್ದು 13,000. ರೈಲು, ರೂಂ, ಊಟ ಐದಕ್ಕೂ ಸೇರಿ 31,000. ಅಂದರೆ ಗೋವಾದಿಂದ 18,000 ನಷ್ಟ.

ಇನ್ನೊಂದು ನಾನು ಮರೆತೇಬಿಟ್ಟಿದ್ದೆ. ರಾತ್ರಿ ಒಳ್ಳೆ ಟೇಬಲ್ ಸಿಗದಿದ್ದಾಗ ರಮ್ಮಿ ಆ್ಯಪ್‌ನಲ್ಲಿ ಆಡುತ್ತಿದ್ದೆ. 200, 500 ಹೀಗೆ. ಯುಪಿಐ ಹಿಸ್ಟರಿ ಕೂಡಿಸಿದರೆ 47,000 ಹೋಗಿದೆ. ಬಂದದ್ದು ಏನೂ ಇಲ್ಲ.

ಎಲ್ಲ ಕಳೆದು ನಿವ್ವಳ 65,200. ಕೂತ ಗಂಟೆ ಅಂದಾಜು 1,100. ಗಂಟೆಗೆ 59 ರೂಪಾಯಿ.

ಬಂಟ್ಸ್‌ಹಾಸ್ಟೆಲ್_ಸರ್ಕಲ್
ಬೇಜಾರು ಮಾಡಿಕೊಳ್ಳಬೇಡಿ, ಗೋವಾದ 74,000ಕ್ಕೆ ತೆರಿಗೆ ಬಿಟ್ಟಿದ್ದೀರಿ. ಸೋತದ್ದು ಕಳೆಯಲು ಬರುವುದಿಲ್ಲ ಅಂದೆನಲ್ಲ. ಆ ತೆರಿಗೆ 23,088. ಆನ್‌ಲೈನ್‌ಗೆ ಸೆಸ್ ಬಾಕಿ 2,232. ಈಗ 39,880 ಆಯ್ತು. ಗಂಟೆಗೆ 36.

ಗೋಳಿಬಜೆ_ಗಿರಾಕಿ
ಒಂದು ಪ್ಲೇಟ್ ಗೋಳಿಬಜೆ, ಚಟ್ನಿ ಸೇರಿ. (ಕ್ಷಮಿಸು ತಮ್ಮಾ, ತಡೆಯಲು ಆಗಲಿಲ್ಲ. ಇಷ್ಟು ಪ್ರಾಮಾಣಿಕವಾಗಿ ಲೆಕ್ಕ ಹಾಕುವ ಧೈರ್ಯ ನನಗಿಲ್ಲ.)

ಲೆಕ್ಕದ_ಮೇಷ್ಟ್ರು
ಶಹಬ್ಬಾಸ್. ಈಗ ಇನ್ನೊಂದು ಲೆಕ್ಕ. ಬ್ಯಾಂಕಿನಲ್ಲಿ 4,10,000 ಅಂದಿರಿ. ಅದರಲ್ಲಿ ಆಟದ್ದು 65,200 ಮಾತ್ರ. ಹಾಗಾದರೆ ಬಾಕಿ 3,44,800 ಎಲ್ಲಿಂದ ಬಂತು?

ಮುಲ್ಕಿ_ಮಳೆ
ಸಂಬಳದ್ದೇ ಸರ್. ಬೇರೆ ಎಲ್ಲಿಂದ.

ಹಳೇ_ಪಿಗ್ಮಿ
ಮನೆಗೆ ಕೊಟ್ಟು, ಲೋನ್ ಕಟ್ಟಿ, ಬಸ್ಸಿಗೆ ಹೋಗಿ, ಮೂರು ವರ್ಷದಲ್ಲಿ 3.44 ಲಕ್ಷ ಉಳಿಸಿದ್ದೀಯಾ? ತಿಂಗಳಿಗೆ ಒಂಬತ್ತೂವರೆ ಸಾವಿರ! ನನ್ನ ಲೈನಿನಲ್ಲಿ ಇಂಥವರು ಹತ್ತು ಮಂದಿ ಇದ್ದಿದ್ದರೆ ನಾನು ಬೇಗ ರಿಟೈರ್ ಆಗುತ್ತಿದ್ದೆ ಮಗಾ.

ಕುಂದಾಪ್ರ_ಸ್ಟ್ರೇಟ್
ನಾನು ಹೇಗೆ ಮಾಡಿದ್ದೇನೆ ಅಂತ ಹೇಳುತ್ತೇನೆ, ಬೇಕಾದರೆ ತೆಗೆದುಕೋ. ಆರು ತಿಂಗಳ ಖರ್ಚು ಎಫ್‌ಡಿಯಲ್ಲಿ, ಅದನ್ನು ಮುಟ್ಟುವುದಿಲ್ಲ. ಅಪ್ಪ ಅಮ್ಮನಿಗೆ ಹೆಲ್ತ್ ಇನ್ಶೂರೆನ್ಸ್. ಸಂಬಳ ಬಂದ ದಿನವೇ ಎಸ್‌ಐಪಿ (ಮ್ಯೂಚುವಲ್ ಫಂಡಿನ ತಿಂಗಳ ಕಂತು) ಹೋಗುತ್ತದೆ. ಆಟದ ಹಣಕ್ಕೆ ಬೇರೆ ಬ್ಯಾಂಕಿನಲ್ಲಿ ಖಾತೆ, ಅದಕ್ಕೆ ವರ್ಷಕ್ಕೆ ಒಮ್ಮೆ 40,000. ಜನವರಿಯಲ್ಲಿ ಹಾಕಿದ್ದು ಮಾರ್ಚಿಗೇ ಖಾಲಿಯಾದರೆ ಮುಂದಿನ ಜನವರಿವರೆಗೆ ಯೂಟ್ಯೂಬ್ ನೋಡುವುದು. ಕಳೆದ ವರ್ಷ ಏಪ್ರಿಲಿಗೆ ಖಾಲಿ ಆಯ್ತು. ಹೆಂಡತಿಗೆ ಆ ಖಾತೆಯ ಪಾಸ್‌ವರ್ಡ್ ಗೊತ್ತು. ಅವಳು ನೋಡುವುದಿಲ್ಲ, ಆದರೆ ನೋಡಬಹುದು ಅಂತ ನನಗೆ ಗೊತ್ತು. ಅಷ್ಟು ಸಾಕು.

ಬಿಜೈ_ಬಾಲ್ಕನಿ
ಎಜುಕೇಶನ್ ಲೋನ್ ಎಷ್ಟು ಬಾಕಿ ಉಂಟು? ಮೊದಲು ಅದನ್ನು ಮುಗಿಸು. ಅದರ ಬಡ್ಡಿ ಉಳಿದರೆ ಅದೇ ಗ್ಯಾರಂಟಿ ಗೆಲುವು.

ಲೆಕ್ಕದ_ಮೇಷ್ಟ್ರು
ಬಾಲ್ಕನಿಯವರು ಈ ಚರ್ಚೆಯಲ್ಲಿ ಹೇಳಿದ ಮೊದಲ ಒಳ್ಳೆ ಮಾತು.

ಬಿಜೈ_ಬಾಲ್ಕನಿ
ಸರ್, ನಿಜ ಹೇಳುತ್ತೇನೆ. ನಾನು ಆ 7ರಲ್ಲಿ ಇಲ್ಲ.

ಗೋಳಿಬಜೆ_ಗಿರಾಕಿ
🙏

ಸುಮಕ್ಕ_ಬ್ರಹ್ಮಾವರ
ಬಾಲ್ಕನಿ ಅಣ್ಣ, ಮನೆಯಲ್ಲಿ ಗೊತ್ತಾ?

ಬಿಜೈ_ಬಾಲ್ಕನಿ
ಇಲ್ಲ. ಈ ವಾರ ಹೇಳುತ್ತೇನೆ.

ಮಣಿಪಾಲ_ನೈಟ್‌ಶಿಫ್ಟ್
ಈ ವಾರ ಅಂದರೆ ಯಾವ ದಿನ ಅಂತ ಬರೆಯಿರಿ. ನಾವು ಕೇಳುತ್ತೇವೆ.

ಬಿಜೈ_ಬಾಲ್ಕನಿ
ಗುರುವಾರ.

ಮುಲ್ಕಿ_ಮಳೆ | ಮಂಗಳವಾರ ರಾತ್ರಿ
ನಾನು ನಿನ್ನೆಯೇ ಹೇಳಿದೆ.

ಊಟ ಆದ ಮೇಲೆ ಲೆಕ್ಕದ ಪ್ರಿಂಟ್ ತೆಗೆದು ಅಮ್ಮನ ಎದುರು ಇಟ್ಟೆ. ಗೋವಾ ಆಫೀಸ್ ಟ್ರಿಪ್ ಅಲ್ಲ ಅಂತಲೂ ಹೇಳಿದೆ. ಅಮ್ಮ ತುಂಬಾ ಹೊತ್ತು ಮಾತಾಡಲಿಲ್ಲ. ಕನ್ನಡಕ ಹಾಕಿ ಒಂದೊಂದು ಸಾಲಿನ ಮೇಲೂ ಬೆರಳು ಇಟ್ಟು ಓದಿದರು. ‘ಊಟ 31,000ದಲ್ಲಿ ಸೇರಿತ್ತಾ?’ ಅಂತ ಕೇಳಿದರು. ಆಮೇಲೆ ಅತ್ತರು. ಅಕ್ಕ ನನಗೆ ಬೈದಳು, ಅವಳ ಮದುವೆಗೆ ಅಂತ ನಾನು ಕೊಡುತ್ತೇನೆ ಅಂದಿದ್ದ ಒಂದು ಲಕ್ಷವನ್ನು ಇವತ್ತೇ ಅಪ್ಪನ ಖಾತೆಗೆ ಹಾಕು ಅಂದಳು. ಹಾಕಿದೆ. ಗೋವಾ ಕೋಣೆ ಸದ್ಯ ಇಲ್ಲ. ಕುಂದಾಪ್ರ ಅಣ್ಣ ಹೇಳಿದ ಹಾಗೆ ಬೇರೆ ಖಾತೆ ಮಾಡುತ್ತೇನೆ, ಪಾಸ್‌ವರ್ಡ್ ಅಕ್ಕನಿಗೆ. ಮದುವೆಯಾಗಿ ಹೋದ ಮೇಲೂ ಅವಳೇ ನೋಡುತ್ತಾಳಂತೆ.

ಆಟ ಬಿಟ್ಟೆ ಅಂತ ನಾನು ಹೇಳಿಲ್ಲ, ಅವರೂ ಕೇಳಲಿಲ್ಲ. ಇವತ್ತು ಬೆಳಗ್ಗೆ ಚಾ ಕೊಡುವಾಗ ಅಮ್ಮ ಅಂದದ್ದು: ‘ಇಷ್ಟು ಲೆಕ್ಕ ಬರೆಯಲು ಬರುವವನಿಗೆ ಬ್ಯಾಂಕ್ ಪರೀಕ್ಷೆ ಏನು ಮಹಾ?’

ಗೋಳಿಬಜೆ_ಗಿರಾಕಿ
ಅಮ್ಮ ಗೆದ್ದರು.

ಹಳೇ_ಪಿಗ್ಮಿ
ಅಪ್ಪ ಏನಂದರು ಮಗಾ?

ಮುಲ್ಕಿ_ಮಳೆ
ಅಪ್ಪ ಏನೂ ಹೇಳಲಿಲ್ಲ. ಅಂಗಡಿ ಲೆಕ್ಕ ಬರೆಯುತ್ತಾ ಕೂತಿದ್ದರು. ರಾತ್ರಿ ಲೈಟ್ ಆಫ್ ಮಾಡಲು ಬಂದವರು ಬಾಗಿಲ ಹತ್ತಿರ ನಿಂತು ಮೆಲ್ಲ ಕೇಳಿದರು, ಆ ಆಟದಲ್ಲಿ ಜೋಕರ್ ಉಂಟಾ ಅಂತ. ಇಲ್ಲ ಅಂದೆ. ‘ಜೋಕರ್ ಇಲ್ಲದೆ ಎಂಥ ಇಸ್ಪೀಟು’ ಅಂತ ಹೇಳಿ ಲೈಟ್ ಆಫ್ ಮಾಡಿ ಹೋದರು. ಅಪ್ಪನಿಗೆ ಇಸ್ಪೀಟು ಗೊತ್ತು ಅಂತ ನನಗೆ ಗೊತ್ತೇ ಇರಲಿಲ್ಲ.